ಮಾಸ್ಟ್ರ ಟರ್ಕಿ ತಟ್ಟೆ

ಡ್ರಮ್ಮು ಬಾರಿಸುವುದನ್ನು ನಾನು ಬಿಟ್ಟು ಹತ್ತು ವರ್ಷವಾಯಿತು. ಆದರೆ ಡ್ರಮ್ಮಿನ ಪಕ್ಕದಲ್ಲಿ ನಿಲ್ಲುವ ಆ ಕಂಚಿನ ತಟ್ಟೆ, ಸಿಂಬಲ್, ನನ್ನನ್ನು ಬಿಟ್ಟಿಲ್ಲ. ಮಂಗಳೂರಿನಲ್ಲಿ ಯಾರ ಅಟ್ಟದಲ್ಲಿ ಹಳೆಯ ಸಿಂಬಲ್ ಸಿಕ್ಕಿದರೂ ‘ಯಾವ ಕಂಪನಿ, ಎಷ್ಟು ವರ್ಷದ್ದು’ ಎಂದು ಕೇಳಿಕೊಂಡು ನನ್ನ ಹತ್ತಿರ ತರುತ್ತಾರೆ. ತಂದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ಫಜೀತಿ ಮಾಡಿದ್ದು ನಮ್ಮ ಮಾಸ್ಟ್ರ ತಟ್ಟೆ.

ಪಾಯಸದ ಮುಚ್ಚಳ

ಮಾಸ್ಟ್ರು ಎಂದರೆ ನಮ್ಮ ಆರ್ಕೆಸ್ಟ್ರಾದ ಯಜಮಾನರು. ಮದುವೆಯ ರಿಸೆಪ್ಶನ್‌ಗಳಲ್ಲಿ ಅವರು ಅಕಾರ್ಡಿಯನ್ ನುಡಿಸುತ್ತಿದ್ದರು, ನಾನು ಡ್ರಮ್ಮು. ಸಿಂಬಲ್ ಮಾತ್ರ ಅವರದ್ದು, ಬಂದರಿನ ದಕ್ಕೆಯಲ್ಲಿ ಯಾವುದೋ ಹಡಗಿನವನಿಂದ ತೆಗೆದುಕೊಂಡದ್ದು. ಕಾರ್ಯಕ್ರಮಕ್ಕೆ ಮೊದಲು ಮೈಕಿನಲ್ಲಿ "ಇದು ಟರ್ಕಿ ದೇಶದ ತಟ್ಟೆ, ನೂರು ವರ್ಷದ್ದು" ಎಂದು ಹೇಳದೆ ಅವರ ಬೆರಳು ಓಡುತ್ತಲೇ ಇರಲಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕನಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಎಂತ ಟರ್ಕಿ? ಯಾರೋ ಕಂಚುಗಾರ ಮಾಡಿದ ಮುಚ್ಚಳ ಅದು. ನಿಮಗೆ ಸರಿಯಾಗಿ ಟೊಪ್ಪಿ ಹಾಕಿದ್ದಾರೆ" ಎನ್ನುತ್ತಿದ್ದರು. ಒಮ್ಮೆ ಮಣ್ಣಗುಡ್ಡದ ಮದುವೆಯೊಂದರಲ್ಲಿ ಮಾಸ್ಟ್ರು ಟರ್ಕಿ ಪುರಾಣ ಮುಗಿಸಿ ಇನ್ನೇನು ಹಾಡು ಎತ್ತಬೇಕು, ಅಡುಗೆಯ ಭಟ್ರು ಬೆವರು ಒರೆಸುತ್ತಾ ಸ್ಟೇಜಿನ ಹತ್ತಿರ ಬಂದರು.

"ಮಾಸ್ಟ್ರೇ, ಪಾಯಸದ ಕೊಪ್ಪರಿಗೆಯ ಮುಚ್ಚಳ ನಿಮ್ಮ ಹತ್ರ ಉಂಟಂತಲ್ಲ, ಸ್ವಲ್ಪ ಕೊಡ್ತೀರಾ?"

ಮೈಕು ಆನ್ ಇತ್ತು. ಹೆಂಗಸರ ಸಾಲಿನಲ್ಲಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

ಈಗ ಒಬ್ಬ ಡಿಜೆ ಬಂದು ಲ್ಯಾಪ್‌ಟಾಪ್ ತೆರೆದರೆ ಮದುವೆಯ ಸಂಗೀತ ಮುಗಿಯಿತು. ನನಗೆ ಮಾತ್ರ ಆ ಟರ್ಕಿ ಪುರಾಣವನ್ನು ಇನ್ನೊಮ್ಮೆ ಕೇಳಬೇಕು ಅನಿಸುತ್ತದೆ.

ಮೀನಿನ ತಕ್ಕಡಿ

ಮಾಸ್ಟ್ರು ತೀರಿಕೊಂಡು ವರ್ಷ ತುಂಬಲು ಎಂಟು ದಿನ ಇರುವಾಗ ಅಕ್ಕ ತಟ್ಟೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

"ನೋಡು ಮಾರಾಯ, ಮುಂದಿನ ವಾರ ವರ್ಷದ ತಿಥಿ, ಎಲೆ ಹಾಕಿ ಅವರಿಗೆ ಬಡಿಸ್ಲಿಕ್ಕೆ ಉಂಟು. ನಲವತ್ತು ವರ್ಷ ಇದರ ಮೇಲೆ ಜಗಳ ಮಾಡಿದ್ದೇನೆ. ಅವರು ಹೇಳಿದ್ದು ಸತ್ಯವಾದ್ರೆ ಎಲೆಯ ಎದುರು ತಪ್ಪಾಯ್ತು ಅಂತ ಹೇಳ್ಬೇಕು. ಸುಳ್ಳಾದ್ರೆ ಇನ್ನೊಮ್ಮೆ ಬೈಬೇಕು. ಯಾವುದು ಅಂತ ನೀನು ಹೇಳು."

ನಾನು ನಕ್ಕೆ. ಅಕ್ಕ ನಗಲಿಲ್ಲ. ನಾನೂ ನಿಲ್ಲಿಸಿದೆ.

ಮೊದಲ ಪರೀಕ್ಷೆ ತೂಕ. ನಮ್ಮ ಕಡೆಯ ಕಂಚಿನ ಮುಚ್ಚಳವಾದರೆ ಇಷ್ಟು ಅಗಲಕ್ಕೆ ಮೂರು ಕಿಲೋ ತೂಗೀತು, ಸಿಂಬಲ್ ಹಗುರ. ಮನೆಯಲ್ಲಿ ತಕ್ಕಡಿ ಇರಲಿಲ್ಲ. ಮಾರ್ಕೆಟಿನಲ್ಲಿ ನಮಗೆ ಖಾಯಂ ಬಂಗುಡೆ ಮೀನು ಕೊಡುವ ಹೆಂಗಸಿನ ತಕ್ಕಡಿಯಲ್ಲಿ ಮೆಲ್ಲನೆ ಇಟ್ಟೆ. ಒಂದೂವರೆ ಕಿಲೋ ಚಿಲ್ಲರೆ. ಅಂದರೆ ಮುಚ್ಚಳವಲ್ಲ! ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಬೇರೆ ಗಿರಾಕಿಯ ಜೊತೆ ಚರ್ಚೆಗೆ ಬಿದ್ದಿದ್ದ ಆಕೆ ಇತ್ತ ತಿರುಗದೆಯೇ ಕೇಳಿದಳು, "ಕಟ್ ಮಾಡ್ಬೇಕಾ, ಇಡೀ ಕೊಡ್ಲಾ?"

ಮೇಲೆ ಇಟ್ಟ ಕಾಗದ

ಸಿಂಬಲ್ ಮಾಡುವವರು ತಟ್ಟೆಯಲ್ಲಿ ತಮ್ಮ ಮುದ್ರೆಯನ್ನು ಒತ್ತಿರುತ್ತಾರೆ. ಇದರಲ್ಲಿ ಅದು ಸವೆದು ಕಣ್ಣಿಗೆ ಕಾಣುತ್ತಿರಲಿಲ್ಲ. ತೆಳು ಕಾಗದ ಇಟ್ಟು ಮೇಲಿನಿಂದ ಪೆನ್ಸಿಲ್ ಉಜ್ಜಿದೆ. ಅರಬಿಯಂಥ ಅಕ್ಷರ ಮೂಡಿತು. ಪಂಪ್‌ವೆಲ್ ಹತ್ತಿರ ಅತ್ತರಿನ ಅಂಗಡಿ ಇಟ್ಟಿರುವ ಬ್ಯಾರಿ ಕಾಕನ ಬಳಿ ಓಡಿದೆ. ಅವರು ದುಬೈಯಲ್ಲಿ ಟರ್ಕಿಯವರ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದವರು.

ಕಾಕ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು. "ಅಕ್ಷರ ಅರಬಿದು, ಮಾತು ಅರಬಿ ಅಲ್ಲ. ಟರ್ಕಿಯವರು ಹಿಂದೆ ಹೀಗೆ ಬರೀತಿದ್ರು. ಇದು ಅಲ್ಲಿಯ ಒಂದು ಮನೆತನದ ಹೆಸರು."

ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಕಾಗದ ಕೆಳಗೆ ಬಿತ್ತು. ಗಿರಾಕಿಯೊಬ್ಬರು ಆ ಅಕ್ಷರ ನೋಡಿ ಕುರಾನಿನದ್ದೆಂದುಕೊಂಡು ಗಾಬರಿಯಿಂದ ಹೆಕ್ಕಿ, ಕಣ್ಣಿಗೊತ್ತಿಕೊಂಡು, ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಇಟ್ಟರು. ಕಾಕ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು, "ಅಲ್ಲಿ ಇಡ್ಬೇಡಿ ಮಾರಾಯ್ರೆ, ಅದು ಬ್ಯಾಂಡಿನವರ ತಟ್ಟೆದು!"

ಕಪ್ಪು ಕಲೆ

ಮುದ್ರೆಯನ್ನು ಫೋನಿನಲ್ಲಿ ಸಿಕ್ಕಿದ ಹಳೆಯ ಸಿಂಬಲ್‌ಗಳ ಚಿತ್ರಗಳ ಜೊತೆ ಹೋಲಿಸಿದೆ. ಟರ್ಕಿಯ ಆ ಮನೆತನದ್ದೇ. ವಯಸ್ಸು ಮಾತ್ರ ನೂರಲ್ಲ, ನಲವತ್ತೈದು ವರ್ಷದ ಆಸುಪಾಸು; ಮುದ್ರೆಯಲ್ಲಿ ಆ ಮನೆತನದವರು ಹಳೆಯ ಲಿಪಿಯನ್ನು ಆಗಲೂ ಬಿಟ್ಟಿರಲಿಲ್ಲವಂತೆ. ಆದರೂ ಒಂದು ಅನುಮಾನ ಉಳಿಯಿತು. ಆ ಕಾಲದಲ್ಲಿ ಅವರು ಮುದ್ರೆಯ ಜೊತೆಗೆ ಕಪ್ಪು ಶಾಯಿಯಲ್ಲಿ ದೊಡ್ಡದಾಗಿ ಹೆಸರನ್ನೂ ಅಚ್ಚು ಹಾಕುತ್ತಿದ್ದರು. ಈ ತಟ್ಟೆಯಲ್ಲಿ ಅದರ ಸುಳಿವೂ ಇರಲಿಲ್ಲ.

ಅಕ್ಕನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಾ ಸೋಸುತ್ತಿದ್ದ ಅಕ್ಕನ ಕೈ ನಿಂತಿತು.

"ಕಪ್ಪು ಅಕ್ಷರವಾ? ಇಷ್ಟು ದೊಡ್ಡದು?"

"ಹೌದು ಅಕ್ಕ."

"ಅದು ನಾನು ತೆಗೆದದ್ದು."

ಮದುವೆಯಾಗಿ ಬಂದ ವರ್ಷ ಹಬ್ಬಕ್ಕೆ ದೀಪಗಳನ್ನು ತಿಕ್ಕುವಾಗ ಅಕ್ಕ ಆ ತಟ್ಟೆಯನ್ನೂ ಸೇರಿಸಿಕೊಂಡಿದ್ದರಂತೆ. ಹುಣಸೆಹುಳಿ, ಬೂದಿ, ತೆಂಗಿನ ನಾರು. "ಎಂತದೋ ಕಪ್ಪು ಕಲೆ ಅಂತ ಗ್ರಹಿಸಿದೆ. ಹೋಗ್ಲಿಕ್ಕೆ ಎರಡು ದಿನ ಹಿಡಿಯಿತು, ಕೈಯೆಲ್ಲ ಸುಲಿದು ಹೋಗಿತ್ತು."

"ಮಾಸ್ಟ್ರು ನೋಡಿ ಎಂತ ಹೇಳಿದ್ರು?"

"ನನ್ನ ಕೈ ನೋಡಿದ್ರು, ತಟ್ಟೆ ನೋಡಿದ್ರು. ಭಾರೀ ಲಾಯ್ಕ ಆಯ್ತು ಅಂತ ಹೇಳಿ ಒಳಗೆ ಹೋದ್ರು."

ಕಂಪನಿ ಯಾವುದು, ವರ್ಷ ಎಷ್ಟು ಎನ್ನುವುದೆಲ್ಲ ಖಚಿತವಾಗಿತ್ತು, ಆದರೆ ಅದು ಯಾರಿಗೂ ಬೇಕಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಇಡೀ ಓಣಿಗೆ ಕೇಳುವ ಹಾಗೆ ಬೊಬ್ಬೆ ಹಾಕುತ್ತಿದ್ದ ಮನುಷ್ಯ, ಮದುವೆ ಮನೆಯಲ್ಲಿ ಊರೇ ನಕ್ಕಾಗಲೂ ‘ಹೆಸರನ್ನು ತಿಕ್ಕಿ ತೆಗೆದದ್ದು ನೀನೇ’ ಎನ್ನುವ ಈ ಒಂದು ಮಾತನ್ನು ಆಡಿರಲಿಲ್ಲ.

ಅಕ್ಕ ಅತ್ತರು. ತುಂಬ ಹೊತ್ತು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಎದ್ದು ನಿಂತರು.

"ಒಂದು ಮಾತು ಹೇಳಿದ್ರೆ ನಾನು ನಲವತ್ತು ವರ್ಷ ಜಗಳ ಮಾಡ್ತಿದ್ದೆನಾ? ಬರ್ಲಿ ಅವರು ಎಲೆಗೆ. ತಪ್ಪಾಯ್ತು ಅಂತ ಹೇಳಿಯೇ ಹೇಳ್ತೇನೆ. ಆದ್ರೆ ಮೊದಲು ಸಮಾ ಬೈತೇನೆ!"