ಮುದುಕಿ ಓಡಿಲ್ಲ

ಈ ಊರಿನಿಂದ ಬೆಟ್ಟದಾಚೆಯ ಊರಿಗೆ ಹೋಗುವ ನ್ಯಾರೋ ಗೇಜ್ ರೈಲು ಒಂದೇ ಒಂದು ದಿನವೂ ನಿಂತಿಲ್ಲ ಎಂಬುದು ಇಲಾಖೆಯ ಅಧಿಕೃತ ನಿಲುವು. ಹಳಿಗಳು ಇಲ್ಲದಿರುವುದು ಈ ನಿಲುವಿಗೆ ಎಂದೂ ಅಡ್ಡಿಯಾಗಿರಲಿಲ್ಲ. ಹಳಿಯ ಕಬ್ಬಿಣ ಊರಿನ ಗೇಟು, ಕಿಟಕಿ, ಅಂಗಡಿ ಬಾಗಿಲುಗಳ ರೂಪದಲ್ಲಿ ಸಾರ್ವಜನಿಕರ ಸೇವೆಯನ್ನು ಮುಂದುವರಿಸಿತ್ತು. ಹಳಿಯ ಕೆಳಗಿನ ಮರದ ದಿಮ್ಮಿಗಳು ಒಲೆಗೆ ಹೋಗಿದ್ದವು, ಎಂಜಿನ್ನು ಗುಜರಿಗೆ ಹೋಗಿತ್ತು. ಆದರೂ ಮಾರ್ಗದ ಕಚೇರಿ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಿತ್ತು. ಅಧೀಕ್ಷಕರು, ಸ್ಟೇಷನ್ ಮಾಸ್ಟರು, ಡ್ರೈವರು ಮೂವರೂ ಸಂಬಳ, ಭತ್ಯೆ, ಬಡ್ತಿಗಳನ್ನು ಕಾಲಕಾಲಕ್ಕೆ ಪಡೆಯುತ್ತ ರೈಲನ್ನು ಓಡಿಸಿಕೊಂಡು ಹೋಗುತ್ತಿದ್ದರು.

ಈ ಸುಖಸಂಸಾರಕ್ಕೆ ಕಲ್ಲು ಹಾಕಿದ್ದು ಕೇಂದ್ರ ಕಚೇರಿಯ ಒಂದು ಸುತ್ತೋಲೆ. ಪ್ರತಿಯೊಂದು ಮಾರ್ಗದವರೂ ತಮ್ಮ ರೈಲು ಪ್ಲಾಟ್‌ಫಾರಂನಲ್ಲಿ ನಿಂತಿರುವ ಫೋಟೋ ಕಳಿಸತಕ್ಕದ್ದು, ತಪ್ಪಿದಲ್ಲಿ ಆ ಕಚೇರಿಯನ್ನು ಮುಚ್ಚತಕ್ಕದ್ದು ಎಂದು ಅದರಲ್ಲಿತ್ತು. ಅಧೀಕ್ಷಕರು ಅದನ್ನು ಓದಿ ಹಲ್ಲು ಕಡಿದರು. ಎಷ್ಟು ಕಡಿದರೆಂದರೆ ಒಂದು ದವಡೆ ಹಲ್ಲು ಅಲ್ಲಾಡತೊಡಗಿತು. ಹೀಗಾಗಿ ಅವರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಂದು ಕೂತರು.

ಹಲ್ಲಿನ ಡಾಕ್ಟರಿಗೆ ಹಲ್ಲು ಬರೀ ಹೊಟ್ಟೆಪಾಡು, ಪ್ರಾಣವೆಲ್ಲ ಇದ್ದದ್ದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಗೋಡೆಯಿಂದ ಗೋಡೆಗೆ ಹಾಕಿದ ಮೇಜಿನ ಮೇಲೆ ಆ ಹಳೇ ಮಾರ್ಗವನ್ನು ಅವರು ಅಂಗೈಯಗಲದ ಲೆಕ್ಕದಲ್ಲಿ ಮತ್ತೆ ಕಟ್ಟುತ್ತಿದ್ದರು. ಈ ತುದಿಗೆ ಈ ಊರಿನ ಸ್ಟೇಷನ್, ಆ ತುದಿಗೆ ಬೆಟ್ಟದಾಚೆಯ ಊರಿನ ಸ್ಟೇಷನ್, ನಡುವೆ ಸೇತುವೆ, ಸುರಂಗ, ಬೆಟ್ಟ. ಬೆಟ್ಟವನ್ನು ಹಲ್ಲಿನ ಅಚ್ಚು ತೆಗೆಯುವ ಪುಡಿಯಿಂದಲೇ ಮಾಡಿದ್ದರಿಂದ ಅದರ ನೆತ್ತಿ ದವಡೆ ಹಲ್ಲಿನ ಹಾಗೆ ಕಾಣುತ್ತಿತ್ತು. ಎಂಜಿನ್ನನ್ನು ಹಿತ್ತಾಳೆಯ ತೆಳು ತಗಡಿನಲ್ಲಿ ಕತ್ತರಿಸಿ, ಬೆಸೆದು, ಹಲ್ಲು ಕೊರೆಯುವ ಯಂತ್ರದಲ್ಲೇ ಅದರ ಚಕ್ರಗಳನ್ನು ಉಜ್ಜಿ ನುಣುಪು ಮಾಡಿದ್ದರು. ನಿಜವಾದ ಎಂಜಿನ್ನನ್ನು ಊರವರು ಮುದುಕಿ ಎಂದು ಕರೆಯುತ್ತಿದ್ದರು, ಏರು ಬಂದಲ್ಲೆಲ್ಲ ಅದು ಉಸ್ಸೆಂದು ಕೂತುಬಿಡುತ್ತಿತ್ತು. ಡಾಕ್ಟರ ಎಂಜಿನ್ನಿಗೂ ಅದೇ ಹೆಸರು.

ಮುದುಕಿಯ ಹೊಟ್ಟೆಯೊಳಗೆ ಪುಟ್ಟ ಮೋಟರು ಕೂರಿಸಿದ್ದಾಗಿತ್ತು. ಬರುವ ಭಾನುವಾರ ಅವಳ ಮೊದಲ ಓಟ. ಅವಳು ಬೆಟ್ಟ ಹತ್ತಿ ಇಳಿಯುವುದನ್ನು ಒಮ್ಮೆ ಕಣ್ತುಂಬ ನೋಡಬೇಕು, ಡಾಕ್ಟರಿಗೆ ಈ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಹೆಂಡತಿಗೆ ಈ ವಿಷಯ ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದರು. ಬೆಟ್ಟದಾಚೆಯ ಊರಿನಿಂದ ನಾಲ್ಕು ದಿನ ಇದ್ದು ಹೋಗಲು ಬಂದ ಅತ್ತೆ ಮಾತ್ರ, “ಅದು ಓಡೋದನ್ನ ನೋಡ್ಕೊಂಡೇ ಹೋಗ್ತೀನಿ ಅಳಿಯಂದ್ರೇ” ಎಂದು ಉಳಿದುಕೊಂಡಿದ್ದರು.

ಅಧೀಕ್ಷಕರು ಬಾಯಿ ತೆರೆದು, ಹತ್ತಿ ತುರುಕಿಸಿಕೊಂಡು ಒರಗಿದ್ದಾಗ ಒಳಬಾಗಿಲು ಅರ್ಧ ತೆರೆದಿತ್ತು. “ಆಆ!” ಎಂದು ಬೆರಳು ತೋರಿಸಿದರು. ನೋವಾಯಿತೆಂದು ಡಾಕ್ಟರು ಇನ್ನಷ್ಟು ಹತ್ತಿ ತುರುಕಿದರು. ಸಾಹೇಬರು ಹತ್ತಿ ಸಮೇತ ಎದ್ದು ಒಳಕೋಣೆಗೆ ನುಗ್ಗಿದರು.

“ಇದು ನಮ್ಮ ಮಾರ್ಗ!” ಎಂದರು ಹತ್ತಿ ಉಗುಳಿ.

“ಹೌದು ಸಾರ್,” ಎಂದರು ಡಾಕ್ಟರು ನಾಚಿಕೊಂಡು. ಹೊರಗಿನವರೊಬ್ಬರು ಇಷ್ಟು ಬೇಗ ಗುರುತು ಹಿಡಿದದ್ದು ಇದೇ ಮೊದಲು.

“ಎಂಜಿನ್ನಿಗೆ ತುಕ್ಕು ಹಿಡಿದಿದೆಯಲ್ರೀ?”

“ಅದು ಬಣ್ಣ ಸಾರ್. ಹೊಸದಾಗಿ ಕಂಡ್ರೆ ನಿಜದ ಎಂಜಿನ್ ಅನ್ಸಲ್ಲ ಅಂತ ನಾನೇ ತುಕ್ಕು ಬರೆದಿದ್ದೀನಿ.”

“ಸ್ವಂತ ಖರ್ಚಿನಲ್ಲಾ?” ಸಾಹೇಬರು ಮರುಕದಿಂದ ನೋಡಿದರು. “ನಮ್ಮಲ್ಲಿ ಅದು ತಾನಾಗೇ ಬರುತ್ತೆ. ಈ ಪ್ಲಾಟ್‌ಫಾರಂ ಮೇಲೆ ಕೂತಿರೋ ಜನ?”

“ಗೊಂಬೆಗಳು ಸಾರ್. ಗೋಂದು ಹಾಕಿ ಅಂಟಿಸಿದ್ದೀನಿ.”

“ಎದ್ದು ಹೋಗಲ್ಲ?”

“ಇಲ್ಲ ಸಾರ್.”

“ದೂರು ಕೊಡಲ್ಲ?”

“ಇಲ್ಲ.”

“ಒಳ್ಳೇ ಪ್ರಯಾಣಿಕರು,” ಎಂದು ಸಾಹೇಬರು ಫೋಟೋ ತೆಗೆದುಕೊಂಡು, ಹಲ್ಲುನೋವು ಮರೆತು ಹೊರಟುಹೋದರು.

ಫೋಟೋ ನೋಡಿ ಕೇಂದ್ರ ಕಚೇರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸ್ವಚ್ಛವಾದ ಪ್ಲಾಟ್‌ಫಾರಂ, ನೂಕುನುಗ್ಗಲಿಲ್ಲದ ಜನ, ಹೊಗೆಯಿಲ್ಲದ ಎಂಜಿನ್ನು. ಈ ಮಾರ್ಗವನ್ನು ಅತ್ಯುತ್ತಮ ಮಾರ್ಗವೆಂದು ಘೋಷಿಸಲಾಯಿತು. ಜೊತೆಗೆ, ಇಲಾಖೆಯ ಫೋಟೋದಲ್ಲಿ ಕಾಣುವ ಆಸ್ತಿಯೆಲ್ಲ ಇಲಾಖೆಯದೇ ಎಂಬ ನಿಯಮದಂತೆ, ಭಾನುವಾರಕ್ಕೆ ಮುಂಚೆಯೇ ಡಾಕ್ಟರ ಮೇಜಿನ ಮೇಲೆ ಗಾಜಿನ ಮುಚ್ಚಳ ಬಂದು ಕೂತಿತು. ಅದಕ್ಕೊಂದು ಬೀಗ ಬಿತ್ತು. ಸ್ಟೇಷನ್ ಮಾಸ್ಟರು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಿನಿಕ್ಕಿನ ಕಿಟಕಿಯಲ್ಲಿ ಟಿಕೆಟ್ ಕೌಂಟರು ತೆರೆದರು.

“ಸಾರ್, ಭಾನುವಾರ ಒಂದೇ ಒಂದು ಸಲ ಓಡಿಸ್ತೀನಿ, ಆಮೇಲೆ ಬೀಗ ಹಾಕ್ಕೊಳ್ಳಿ,” ಎಂದು ಡಾಕ್ಟರು ಅಧೀಕ್ಷಕರನ್ನು ಗೋಗರೆದರು.

“ಓಡ್ಸೋಣ ಡಾಕ್ಟ್ರೇ, ಯಾರು ಬೇಡ ಅಂದ್ರು? ಆದ್ರೆ ಡ್ರೈವರ್ ಎಂಜಿನ್ನಲ್ಲಿ ಕೂತಿಲ್ಲದೆ ರೈಲು ಹೊರಡೋ ಹಾಗಿಲ್ಲ. ಅದು ನಿಯಮ.”

ಡ್ರೈವರನ್ನು ಕರೆಸಲಾಯಿತು. ಆತ ಡೊಳ್ಳು ಹೊಟ್ಟೆಯ, ನಿಧಾನಸ್ಥ ಮನುಷ್ಯ. ಮುದುಕಿಯೊಳಗೆ ಹೆಬ್ಬೆರಳು ತೂರಿಸಿ ನೋಡಿದ. ಉಗುರಿನವರೆಗೆ ಹೋಯಿತು. ತನ್ನ ಉಳಿದ ಭಾಗ ಹೊರಗೇ ಉಳಿಯುತ್ತದೆಂದು ಲಿಖಿತವಾಗಿ ತಿಳಿಸಿದ. ತೆಳ್ಳಗಿನ ಡ್ರೈವರನ್ನು ಮಂಜೂರು ಮಾಡಬೇಕೆಂದು ಕೇಂದ್ರ ಕಚೇರಿಗೆ ಕೋರಿಕೆ ಹೋಯಿತು. ಉತ್ತರ ಬರುವವರೆಗೆ ರೈಲನ್ನು ರದ್ದು ಮಾಡುವುದು ಇಲಾಖೆಯ ಘನತೆಗೆ ತಕ್ಕುದಲ್ಲವಾದ್ದರಿಂದ, ಅದು ತಡವಾಗಿದೆ ಎಂದು ತೀರ್ಮಾನಿಸಲಾಯಿತು.

ತುಕ್ಕಿನ ವಿಷಯವನ್ನೂ ಇಲಾಖೆ ಗಾಳಿಗೆ ಬಿಡಲಿಲ್ಲ. ತುಕ್ಕು ತೆಗೆಯುವ ಗುತ್ತಿಗೆ ಅಧೀಕ್ಷಕರ ಭಾವಮೈದುನನಿಗೆ ಹೋಯಿತು. ಡಾಕ್ಟರಿಗೆ ಊಟ ಸೇರಲಿಲ್ಲ, ಆ ತುಕ್ಕನ್ನು ಅವರು ಒಂದೇ ಕೂದಲಿನ ಕುಂಚದಲ್ಲಿ ಬರೆದಿದ್ದರು. ಆದರೆ ಭಾವಮೈದುನ ಬಿಲ್ಲಿನ ಹಣ ತೆಗೆದುಕೊಂಡು ಹೋದವನು ಈ ಕಡೆ ತಲೆ ಹಾಕಲಿಲ್ಲ. ತುಕ್ಕು ಇದ್ದ ಹಾಗೇ ಉಳಿಯಿತು. ಲಂಚಗುಳಿತನವನ್ನು ಜೀವಮಾನವಿಡೀ ಬೈದುಕೊಂಡು ಬಂದ ಡಾಕ್ಟರು ಅವತ್ತು ಮಾತ್ರ ಅದಕ್ಕೆ ಮನಸ್ಸಿನಲ್ಲೇ ಕೈಮುಗಿದರು.

ಟಿಕೆಟ್ ಯಾರು ಕೊಳ್ಳುತ್ತಾರೆ ಎಂದು ಡಾಕ್ಟರು ಅಂದುಕೊಂಡಿದ್ದರು. ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ, ಕೆಲಸಕ್ಕೆ ಸದಾ ತಡವಾಗಿ ಹೋಗುವ ಬ್ಯಾಂಕಿನ ಗುಮಾಸ್ತರೊಬ್ಬರು ಒಂದು ಟಿಕೆಟ್ ಕೊಂಡು, “ರೈಲು ತಡವಾಗಿದೆ ಅಂತ ಒಂದು ಚೀಟಿ ಕೊಡ್ತೀರಾ?” ಎಂದರು. ಸ್ಟೇಷನ್ ಮಾಸ್ಟರು ಮೊಹರು ಹೊಡೆದು ಕೊಟ್ಟರು. ಬ್ಯಾಂಕಿನಲ್ಲಿ ಆ ಚೀಟಿ ನಡೆಯಿತು. ಮಾರನೆಯ ದಿನ ಮೇಷ್ಟ್ರುಗಳು ಬಂದರು, ಅದರ ಮಾರನೆಯ ದಿನ ಮೇಷ್ಟ್ರುಗಳ ಶಿಷ್ಯರು. ವಾರ ಕಳೆಯುವುದರೊಳಗೆ ಸಾಲು ಬೀದಿ ತಿರುವಿನವರೆಗೆ ಬೆಳೆಯಿತು. ಊರಿನಲ್ಲಿ ಯಾರೂ ಇನ್ನು ಸೋಮಾರಿಗಳಾಗಿರಲಿಲ್ಲ, ಎಲ್ಲರೂ ಪ್ರಯಾಣಿಕರಾಗಿದ್ದರು. ಬೆಳಗಿನ ಪ್ರಕಟಣೆ ಕೇಳಲು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದರು.

“ಪ್ರಯಾಣಿಕರ ಗಮನಕ್ಕೆ. ಬೆಟ್ಟದಾಚೆಯ ಊರಿಗೆ ಹೊರಡುವ ರೈಲು ಇಂದೂ ತಡವಾಗಿ ಹೊರಡಲಿದೆ.”

“ಸದ್ಯ!” ಎನ್ನುತ್ತಿದ್ದರು ಜನ.

ಹಲ್ಲುನೋವಿನವರು ಈ ಗದ್ದಲದಲ್ಲಿ ಒಳಗೆ ಬರಲಾಗದೆ ಬೇರೆ ಡಾಕ್ಟರನ್ನು ನೋಡಿಕೊಂಡರು. ಹೆಂಡತಿ, “ರೀ, ನಮ್ಮನೆ ಒಳಗೆ ಹೋಗೋಕೆ ನಾನೂ ಟಿಕೆಟ್ ತಗೋಬೇಕಂತೆ, ಏನ್ರೀ ಇದು?” ಎಂದು ರೇಗಿದಳು. ಡಾಕ್ಟರಿಗೆ ಕಾಣುತ್ತಿದ್ದದ್ದು ಗಾಜಿನ ಕೆಳಗೆ, ಒಂದು ಗೇಣೂ ಓಡದೆ ನಿಂತ ಮುದುಕಿ ಮಾತ್ರ.

ಒಂದು ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಇಲಾಖೆ ಎಲ್ಲಕ್ಕೂ ಬೀಗ ಹಾಕಿತ್ತು, ಆದರೆ ಮೇಜಿನ ಅಡಿಯಲ್ಲಿದ್ದ ಸ್ವಿಚ್ಚು ಏನೆಂದು ಇಲಾಖೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೈಲು ಓಡಿಸುವ ಸ್ವಿಚ್ಚನ್ನು ಹುಡುಕುವ ಸಂದರ್ಭ ಅವರಿಗೆ ಬಂದೇ ಇರಲಿಲ್ಲ.

ಒಂದು ಮಧ್ಯಾಹ್ನ ಚೀಟಿಗಳೆಲ್ಲ ಹಂಚಿ ಮುಗಿದಿದ್ದವು. ಸ್ಟೇಷನ್ ಮಾಸ್ಟರು ಊಟಕ್ಕೆ ಹೋಗಿದ್ದರು, ಹೆಂಡತಿ ಪೇಟೆಗೆ ಹೋಗಿದ್ದಳು. ಅತ್ತೆ ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕೂತರು.

“ಅಳಿಯಂದ್ರೇ, ನಂಗೂ ವಯಸ್ಸಾಯ್ತು. ತೆಳ್ಳಗಿನ ಡ್ರೈವರ್ ಬರೋವರೆಗೆ ಇರ್ತೀನೋ ಇಲ್ವೋ. ಒಂದ್ಸಲ ಒತ್ತಿಬಿಡಿ.”

“ನಿಯಮ ಇದೆ ಅತ್ತೆ.”

“ನಾನು ಆ ಕಡೆ ತಿರುಗ್ಕೋತೀನಿ.”

“ತಿರುಗ್ಕೊಂಡ್ರೆ ನೋಡೋದು ಹೇಗೆ?”

“ಹಾಗಾದ್ರೆ ನಿಯಮ ತಿರುಗ್ಕೊಳ್ಲಿ.”

ಡಾಕ್ಟರು ಮೇಜಿನ ಅಡಿಗೆ ಕೈ ಹಾಕಿದರು. ಮುದುಕಿ ಒಮ್ಮೆ ನಡುಗಿ, ಹೊರಟಳು. ಸೇತುವೆ ದಾಟಿದಳು, ಸುರಂಗದಲ್ಲಿ ಮರೆಯಾದಳು, ಆ ಪಕ್ಕದಿಂದ ಮೂತಿ ತೋರಿಸಿದಳು. ಏರಿನಲ್ಲಿ ನಿಧಾನವಾದಾಗ ಅತ್ತೆ, “ಬಾರೇ, ಬಾರೇ!” ಎಂದು ಸೆರಗು ಬೀಸಿದರು. ಎಲ್ಲೂ ಕೂರದೆ ಮುದುಕಿ ಬೆಟ್ಟ ಹತ್ತಿ, ಇಳಿದು, ಆ ಊರಿನ ಪ್ಲಾಟ್‌ಫಾರಂನಲ್ಲಿ ಅಂಟಿಸಿದ ಗೊಂಬೆಗಳ ಮುಂದೆ ಬಂದು ನಿಂತಳು. ಡಾಕ್ಟರಿಗೆ ಅಳು ಬಂತು. ಇಷ್ಟು ವರ್ಷ ಕಣ್ಣು ಸವೆಸಿಕೊಂಡು ಮಾಡಿದ್ದು ಸಾರ್ಥಕವಾಯಿತು ಅನ್ನಿಸಿ, ಅತ್ತೆಯ ಎದುರಿಗೇ ಮಗುವಿನಂತೆ ಅತ್ತುಬಿಟ್ಟರು.

“ಸರಿ, ಈಗ ವಾಪಸ್ ಕರೀರಿ,” ಎಂದರು ಅತ್ತೆ ತಾವೂ ಕಣ್ಣೊರೆಸಿಕೊಂಡು. ಡಾಕ್ಟರು ಮತ್ತೆ ಸ್ವಿಚ್ಚಿನ ಕಡೆ ಕೈ ಚಾಚುವುದಕ್ಕೂ ಸ್ಟೇಷನ್ ಮಾಸ್ಟರು ತೇಗುತ್ತ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

ಅವರು ಗಾಜಿನೊಳಗೆ ನೋಡಿದರು. ಗೋಡೆಯ ವೇಳಾಪಟ್ಟಿ ನೋಡಿದರು. ಗಡಿಯಾರ ನೋಡಿದರು. “ಅಯ್ಯಯ್ಯೋ! ಸರಿಯಾದ ಟೈಮಿಗೆ ತಲುಪಿದೆ!” ಎಂದು ತಲೆ ಮೇಲೆ ಕೈ ಹೊತ್ತು ಕೂತರು.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಬ್ಯಾಂಕಿನ ಗುಮಾಸ್ತರು ಚೀಟಿ ಹಿಡಿದು ಓಡಿಬಂದರು. “ರೈಲು ಹೊತ್ತಿಗೆ ಸರಿಯಾಗಿ ಹೋದ್ರೆ ನಾವು ಬದುಕೋದು ಹೇಗ್ರೀ? ಹೆಂಡ್ರು ಮಕ್ಕಳಿಲ್ವಾ ನಮಗೆ?” ಮೇಷ್ಟ್ರೊಬ್ಬರು ಡಾಕ್ಟರನ್ನು ಸಮಾಜದ್ರೋಹಿ ಎಂದರು. ಜನರನ್ನು ಸಮಾಧಾನಪಡಿಸಲು ಇಲಾಖೆ ತುರ್ತು ಪ್ರಕಟಣೆ ಹೊರಡಿಸಬೇಕಾಯಿತು: “ರೈಲು ವೇಳೆಗೆ ಸರಿಯಾಗಿ ತಲುಪಿದೆ ಎಂಬ ವದಂತಿಯನ್ನು ಸಾರ್ವಜನಿಕರು ನಂಬಬಾರದು. ತಪ್ಪಿತಸ್ಥರು ಯಾರೇ ಆಗಿರಲಿ ಬಿಡುವುದಿಲ್ಲ.”

ವಿಚಾರಣೆಗೆ ಅಧೀಕ್ಷಕರೇ ಬಂದು ಹಲ್ಲಿನ ಕುರ್ಚಿಯಲ್ಲಿ ಕೂತರು. ಡಾಕ್ಟರು ಪಕ್ಕದಲ್ಲಿ ನಿಂತರು.

“ಒಂದೇ ಪ್ರಶ್ನೆ ಡಾಕ್ಟ್ರೇ. ಮುದುಕಿ ಓಡಿದ್ಳಾ?”

“ಓಡಿದ್ಳು ಸಾರ್! ನೀವು ನೋಡ್ಬೇಕಿತ್ತು, ಆ ಏರಿನಲ್ಲಿ...”

“ಆತುರ ಪಡಬೇಡಿ. ಮೊದಲು ನಿಯಮ ಕೇಳಿ. ಡ್ರೈವರ್ ಇಲ್ಲದೆ ಓಡಿದ್ದು ಅಪಘಾತ. ಅಪಘಾತವಾದ ಎಂಜಿನ್ನನ್ನ ತುಂಡು ಮಾಡಿ ಗುಜರಿಗೆ ಹಾಕ್ಬೇಕು. ಗುತ್ತಿಗೆ ನಮ್ಮ ಭಾವಮೈದುನಂದು.”

ಡಾಕ್ಟರಿಗೆ ಒಂದು ಕ್ಷಣ ಧೈರ್ಯ ಬಂತು. “ಅವರು ಬರಲ್ಲ ಅಲ್ವಾ ಸಾರ್?”

“ಹಿತ್ತಾಳೆ ಅಂದ್ರೆ ಬರ್ತಾನೆ.”

ಡಾಕ್ಟರು ಅತ್ತೆಯ ಮುಖ ನೋಡಿದರು. ಅತ್ತೆ ಕನ್ನಡಕ ತೆಗೆದು ಒರೆಸುತ್ತ, “ನಂಗೆ ಕಣ್ಣೇ ಸರಿಯಾಗಿ ಕಾಣಲ್ಲಪ್ಪ,” ಎಂದರು ಯಾರೂ ಕೇಳದಿದ್ದರೂ.

“ಓಡಿಲ್ಲ ಸಾರ್,” ಎಂದರು ಡಾಕ್ಟರು.

“ಓಡಿಲ್ಲ ಅಂದ್ರೆ ಆ ಊರಿನ ಸ್ಟೇಷನ್ನಲ್ಲಿ ಹೇಗೆ ನಿಂತಿದ್ದಾಳೆ?”

ಸ್ಟೇಷನ್ ಮಾಸ್ಟರು ಕೆಮ್ಮಿದರು. “ಸಾರ್, ಎಂಜಿನ್ನು ಜರುಗಿಲ್ಲ ಅಂದ್ಮೇಲೆ, ಅವಳು ನಿಂತಿರೋದು ನಮ್ಮೂರಲ್ಲೇ. ಬೋರ್ಡು ತಪ್ಪಾಗಿ ಹಾಕಿರ್ಬೇಕು.”

ಅಧೀಕ್ಷಕರ ಹೊಟ್ಟೆ ತಣ್ಣಗಾಯಿತು. ಎರಡು ಸ್ಟೇಷನ್ನುಗಳ ಬೋರ್ಡುಗಳನ್ನು ಅದಲುಬದಲು ಮಾಡುವಂತೆ ಆದೇಶವಾಯಿತು. ಅಷ್ಟು ಸಣ್ಣ ಅಕ್ಷರ ಬರೆಯಬಲ್ಲವರು ಇಲಾಖೆಯಲ್ಲಿ ಇರಲಿಲ್ಲವಾಗಿ ಡಾಕ್ಟರೇ ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಬರೆದುಕೊಟ್ಟರು. ಅವರ ಕೈಯಿಂದ ಅಷ್ಟು ಚೆಂದದ ಸುಳ್ಳು ಹಿಂದೆ ಬಂದಿರಲಿಲ್ಲ. ಮುದುಕಿ ಓಡಿಲ್ಲವೆಂಬ ಹೇಳಿಕೆಗೂ ಸಹಿ ಹಾಕಿದರು, ಮುದುಕಿ ಉಳಿದಳು.

ಕೇಂದ್ರ ಕಚೇರಿ ಆದೇಶವನ್ನು ಮೆಚ್ಚಿ, ಗೊಂದಲ ಬೇಡವೆಂದು ಅದನ್ನು ಸ್ಟೇಷನ್ನುಗಳಿಗೆ ಸೇರಿದ ಊರುಗಳಿಗೂ ವಿಸ್ತರಿಸಿತು. ಅದರಂತೆ ಈ ಊರು ಆ ಊರಾಯಿತು, ಆ ಊರು ಈ ಊರಾಯಿತು. ಎರಡೂ ಕಡೆಯ ಬಸ್‌ಸ್ಟ್ಯಾಂಡು, ಶಾಲೆ, ಅಂಗಡಿಗಳ ಬೋರ್ಡುಗಳು ಬದಲಾದವು. ಟಿಕೆಟ್ ಕೊಂಡವರೆಲ್ಲ ಕೂತಲ್ಲೇ ಸೇರಬೇಕಾದ ಊರು ಸೇರಿದ್ದರಿಂದ ಇಲಾಖೆಯ ಮೇಲೆ ಒಂದು ದೂರೂ ಉಳಿಯಲಿಲ್ಲ. ಹಳೇ ವಿಳಾಸದ ಕಾಗದಗಳು ಆಚೆ ಊರಿಗೆ ಹೋಗಿ ಬೆಟ್ಟ ಹತ್ತಿಳಿದು ಬರುವುದಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯುತ್ತಿತ್ತು, ಜನ ಹೊಂದಿಕೊಂಡರು. ಮುದುಕಿ ಹೊಸ ಬೋರ್ಡಿನ ಕೆಳಗೆ ಮತ್ತೆ ತಡವಾದಳು, ಚೀಟಿಯ ಸಾಲು ಮತ್ತೆ ಬೀದಿ ತಿರುವು ಮುಟ್ಟಿತು. ಅಧೀಕ್ಷಕರಿಗೆ ಬಡ್ತಿಯಾಯಿತು.

ಅತ್ತೆಗೆ ಮಾತ್ರ ತುಂಬ ಅನುಕೂಲವಾಯಿತು. “ನಾಲ್ಕು ದಿನಕ್ಕೆ ಅಂತ ಬಂದು ಇಷ್ಟು ದಿನ ಉಳಿದ್ನಲ್ಲ ಅಂತ ಸಂಕೋಚ ಆಗ್ತಿತ್ತು,” ಎಂದರು ಮಗಳಿಗೆ. “ಈಗ ನೋಡು, ನಮ್ಮೂರಲ್ಲೇ ಇದ್ದೀನಿ. ಅಳಿಯಂದ್ರು ಎಷ್ಟು ದಿನ ಬೇಕಾದ್ರೂ ಇರ್ಲಿ, ನಂಗೇನೂ ಭಾರ ಅಲ್ಲ.”

ಆ ಸಂಜೆ ಹೆಂಡತಿ ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಗಂಡನ ಪಕ್ಕ ಬಂದು ನಿಂತಳು. ಡಾಕ್ಟರು ಗಾಜಿಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದರು.

“ರೀ, ಈಗ ಯಾರೂ ಇಲ್ಲ. ನನ್ನ ಹತ್ರ ನಿಜ ಹೇಳಿ. ಓಡಿತಾ?”

ಡಾಕ್ಟರು ಯೋಚಿಸಿದರು. ಸೇತುವೆ, ಸುರಂಗ, ಏರು, ಬೀಸಿದ ಸೆರಗು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಆದರೆ ಸಹಿ ಹಾಕಿದ ಮೇಲೆ ಅದೆಲ್ಲ ಬೇರೆ ಯಾರೋ ಹೇಳಿದ ಸಂಗತಿಯಂತೆ ತೋರತೊಡಗಿತ್ತು.

“ಇಲ್ಲ ಕಣೇ,” ಎಂದರು. “ತಡವಾಗಿದೆ, ಅಷ್ಟೇ.”

“ಹೌದು, ನಾನೂ ನೋಡಿಲ್ಲ,” ಎಂದು ಒಳಗಿನಿಂದ ಅತ್ತೆ ಕೂಗಿ ಹೇಳಿದರು.

ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಕಾದರು.