ಹನುಮಂತರಾಯಪ್ಪನವರ ಹೊನ್ನಾರು

ಭಾಗ್ಯಮ್ಮ: ನಾಳೆ ಮಳೆ ಬರಬಾರ್ದು ಅಂದ್ರೆ ಬರಬಾರ್ದು, ಅಷ್ಟೇಯ!

ಹನುಮಂತರಾಯಪ್ಪ: ಮಳೆ ಏನು ನಮ್ ಪೀಜಿ ಉಡುಗೀನಾ, ಒತ್ತಾದ್ ಮೇಲೆ ಬರಬಾರ್ದು ಅಂತ ಬೋರ್ಡ್ ತಗಲಾಕಕ್ಕೆ?

ಭಾಗ್ಯಮ್ಮ: ಓದ್ ವರ್ಷ ಬಂದಾಗ ಪೀಜಿ ಅಡುಗೆಮನೇಲಿ ಖಾಲಿ ಸಿಲಿಂಡರ್ ತೇಲ್ತಿತ್ತು. ಅನ್ನದ್ ಪಾತ್ರೆ ತಲೆ ಮೇಲಿಟ್ಕೊಂಡು ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ ನಾನು. ನೀವೆಲ್ಲಿದ್ರಿ?

ಹನುಮಂತರಾಯಪ್ಪ: ತಾರಸಿ ಮೇಲೆ.

ಭಾಗ್ಯಮ್ಮ: ಏನ್ ಮಾಡ್ತಿದ್ರಿ?

ಹನುಮಂತರಾಯಪ್ಪ: ಮಳೆ ನೋಡ್ತಿದ್ದೆ. ಸಕ್ಕತ್ತಾಗಿತ್ತು ಕಣೇ.

ಹನುಮಂತರಾಯಪ್ಪನವರದು ವೈಟ್‌ಫೀಲ್ಡ್ ಕಡೆಯ ಹಳೇ ಊರು. ಊರು ಇದ್ದಲ್ಲೇ ಇದೆ, ಹೊಲಗಳು ಮಾತ್ರ ಇಲ್ಲ. ಕೆರೆ ಕೆಳಗಿನ ಗದ್ದೆಯಲ್ಲಿ ಅವರದೇ ಮೂರು ಮಹಡಿಯ ಲೇಡೀಸ್ ಪೀಜಿ ಎದ್ದಿದೆ, ಮೇಲಿನ ಹೊಲದಲ್ಲಿ ಯಾವುದೋ ಕಂಪನಿಯ ಕಾರುಗಳು ನಿಲ್ಲುತ್ತವೆ. ಆದರೆ ರೈತರಿಗೆ ಹವಾಮಾನ ತಿಳಿಸುವವರು ಅವರ ಫೋನ್ ನಂಬರನ್ನು ಇನ್ನೂ ಕೈಬಿಟ್ಟಿರಲಿಲ್ಲ. ಅವರನ್ನು ಹೆಂಡತಿ ಭಾಗ್ಯಮ್ಮ "ರೀ" ಎನ್ನುತ್ತಿದ್ದರು, ಪೀಜಿ ಹುಡುಗಿಯರು "ಅಂಕಲ್" ಎನ್ನುತ್ತಿದ್ದರು. "ರೈತ ಬಾಂಧವರೇ" ಎಂದು ಕರೆಯುತ್ತಿದ್ದುದು ಆ ಸಂದೇಶ ಒಂದೇ. ಹಾಗಾಗಿ ಅದು ಬಂದಾಗಲೆಲ್ಲ ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದುತ್ತಿದ್ದರು.

ಹನುಮಂತರಾಯಪ್ಪ: ಕೇಳಿಲ್ಲಿ. "ಆತ್ಮೀಯ ರೈತ ಬಾಂಧವರೇ, ನಿಮ್ಮ ಹೋಬಳಿಯಲ್ಲಿ ನಾಳೆ ಸಂಜೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಮಾಡಿಕೊಳ್ಳಿ. ತೇವ ನೋಡಿಕೊಂಡು ಉಳುಮೆ ಕೈಗೊಳ್ಳಿ."

ಭಾಗ್ಯಮ್ಮ: ಯಾವ ಒಲದಲ್ಲಿ ಕೈಗೊಳ್ತೀರಿ? ಆ ಕಾರುಗಳ ಮಧ್ಯದಲ್ಲಾ?

ಹನುಮಂತರಾಯಪ್ಪ: ಒಂದ್ ಸಾಲು ಸಾಕು ಕಣೇ. ಒಂದೇ ಒಂದು ಸಾಲು.

ಭಾಗ್ಯಮ್ಮ: ಊವಿನ ಕುಂಡ ಐತೆ ತಗೊಳ್ಳಿ. ದಾಸವಾಳ ಕಿತ್ತಾಕಿ ಅದ್ರಲ್ಲಿ ಉತ್ಕೊಳ್ಳಿ.

ಮಾತು ಇಲ್ಲಿಗೆ ಬಂದಾಗ ಹನುಮಂತರಾಯಪ್ಪನವರ ಮುಖ ಚಿಕ್ಕದಾಯಿತು. ಯುಗಾದಿಯ ದಿನ ಪಂಚಾಂಗ ಓದಿದ ಮೇಲೆ ಆ ವರ್ಷ ಯಾರ ಹೆಸರಿಗೆ ಹೊನ್ನಾರು ಬರುತ್ತದೋ ಅವರು, ಮೊದಲ ಮಳೆಗೆ ನೆಲ ನೆನೆದ ಮರುಬೆಳಿಗ್ಗೆ ಊರಿನ ಮೊದಲ ಸಾಲು ಹೊಡೆಯಬೇಕು. ಆಮೇಲೆ ಉಳಿದವರು ನೇಗಿಲು ಹೂಡಬಹುದು. ಉಳಿದವರ ಹತ್ತಿರ ಈಗ ನೇಗಿಲೇ ಇಲ್ಲ, ಅದು ಬೇರೆ ಮಾತು. ಹನುಮಂತರಾಯಪ್ಪನವರ ಅಪ್ಪನಿಗೆ ಒಮ್ಮೆ ಹೊನ್ನಾರು ಬಂದಿತ್ತು, ಸಾಯುವತನಕ ಅದನ್ನೇ ಹೇಳಿಕೊಂಡು ತಿರುಗಿದ್ದರು. ಈ ಸಲ ಮಗನಿಗೆ ಬಂದಿದೆ. ಕೈಯಲ್ಲಾಗದಿದ್ದರೆ ಅದು ಎದುರುಮನೆ ಮುನಿರಾಜುವಿಗೆ ಹೋಗುತ್ತದೆ. ಟ್ಯಾಂಕರಿನಲ್ಲಿ ನೀರು ಮಾರುವ ಮುನಿರಾಜು, ಊರಿಗೆ ಮಳೆಯಾಗಲಿ ಎಂದು ನೇಗಿಲು ಹಿಡಿಯುವುದನ್ನು ನೆನೆದರೇ ಹನುಮಂತರಾಯಪ್ಪನವರಿಗೆ ಅನ್ನ ಸೇರುತ್ತಿರಲಿಲ್ಲ.

ಹನುಮಂತರಾಯಪ್ಪ: ನಮ್ ಪೀಜಿ ಗೇಟಿಂದ ರಸ್ತೆ ಮೋರಿವರೆಗೆ ಟಾರ್ ಆಕಿಲ್ಲ. ಅದು ಮಣ್ಣೇ ತಾನೆ?

ಭಾಗ್ಯಮ್ಮ: ಮಣ್ಣೋ, ಕಟ್ಟಡದ ಗಲೀಜೋ, ಆ ದೇವರಿಗೇ ಗೊತ್ತು. ನೇಗಿಲು?

ಹನುಮಂತರಾಯಪ್ಪ: ತಾರಸಿ ಮೇಲೆ ಐತಲ್ಲ, ಡಿಶ್ ಕಟ್ಟಿರೋದು.

ಭಾಗ್ಯಮ್ಮ: ನೊಗ?

ಹನುಮಂತರಾಯಪ್ಪ: ಉಡುಗೀರು ಬಟ್ಟೆ ಒಣಗಾಕ್ತಾರಲ್ಲ, ಅದೇ.

ಭಾಗ್ಯಮ್ಮ: ಎತ್ತು?

ಹನುಮಂತರಾಯಪ್ಪನವರು ಹಿತ್ತಲ ಕಡೆ ನೋಡಿದರು. ಹಿಂದಿನ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದ ಸುರಪುರದ ನೀಲಪ್ಪ, ಗಾರೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ.

ನೀಲಪ್ಪ: ಯಾಕ್ರಿ ಯಜಮಾನ್ರ, ಹಂಗ್ಯಾಕ ನೋಡಾಕತ್ತೀರಿ?

ಹನುಮಂತರಾಯಪ್ಪ: ನೀಲಪ್ಪ, ನಿಮ್ ಊರಲ್ಲಿ ನೀನು ಬೇಸಾಯ ಮಾಡ್ತಿದ್ದೆ ಅಲ್ವಾ?

ನೀಲಪ್ಪ: ಮಾಡ್ತಿದ್ನಿ ಬಿಡ್ರಿ. ಗಳೆ ಹೊಡಿಯೂದ್ರಾಗ ನಮ್ಮ ಓಣ್ಯಾಗ ನನ್ನ ಬಿಟ್ರಿಲ್ಲ.

ಹನುಮಂತರಾಯಪ್ಪ: ನಾಡಿದ್ದು ಬೆಳಿಗ್ಗೆ ನೇಗಿಲು ಊಡಿ ಗಳೆ ಒಡೆಯೋದೈತೆ.

ನೀಲಪ್ಪ: ಹೊಡಿಯೂಣ್ರಿ! ಎತ್ತು ಎಲ್ಲಿ ಅದಾವು?

ಭಾಗ್ಯಮ್ಮ: ಕೈಕಾಲು ತೊಳ್ಕೊಂಡು ಇಲ್ಲೇ ನಿಂತೈತಲ್ಲಪ್ಪ.

ಮರುದಿನ ಸಂಜೆ ಭಾಗ್ಯಮ್ಮ ಊರ ದೇವತೆಗೆ ಕಾಯಿ ಒಡೆಸಿ ಮಳೆ ಬೇಡವೆಂದು ಬೇಡಿಕೊಂಡರು. ಅದೇ ದೇವಸ್ಥಾನದ ಹಿಂಬಾಗಿಲಲ್ಲಿ ಹನುಮಂತರಾಯಪ್ಪನವರು ಎರಡು ಕಾಯಿ ಒಡೆಸಿದ್ದು ಅವರಿಗೆ ಗೊತ್ತಿರಲಿಲ್ಲ. ದೇವಿ ಕಾಯಿ ಎಣಿಸಿದಳೋ ಏನೋ, ದೀಪ ಹಚ್ಚುವ ಹೊತ್ತಿಗೆ ಗುಡುಗಿ, ಮಿಂಚಿ, ರಪರಪನೆ ಸುರಿಯಿತು. ಗದ್ದೆಗೆ ನುಗ್ಗುತ್ತಿದ್ದ ನೀರು ಹಳೇ ದಾರಿ ಮರೆಯದೆ ನೆಟ್ಟಗೆ ಪೀಜಿ ಅಡುಗೆಮನೆಗೆ ನುಗ್ಗಿತು. ಗಂಡ ಹೆಂಡತಿ ಇಬ್ಬರೂ ಬಕೆಟ್ ಹಿಡಿದು ನಿಂತರು.

ಹನುಮಂತರಾಯಪ್ಪ: ಭಾಗ್ಯಾ, ಮಣ್ಣಿನ ವಾಸನೆ ಬಂತಾ?

ಭಾಗ್ಯಮ್ಮ: ಮೋರಿ ವಾಸನೆ ಬಂತು. ಎತ್ತಿ ಸುರೀರಿ.

ಹನುಮಂತರಾಯಪ್ಪ: ಮೆಸೇಜು ಕರೆಕ್ಟಾಗಿ ಏಳಿತ್ತು ನೋಡು.

ಭಾಗ್ಯಮ್ಮ: ಬಸಿಗಾಲುವೆ ಮಾಡ್ಕಳಿ ಅಂತಾನೂ ಏಳಿತ್ತು. ಅದನ್ಯಾಕೆ ಕಿವಿಗಾಕ್ಕೊಳ್ಳಿಲ್ಲ?

ಹೀಗೆಂದ ಭಾಗ್ಯಮ್ಮ ಇದ್ದಕ್ಕಿದ್ದಂತೆ ಸುಮ್ಮನಾದರು. ತುಂಬಿದ ಬಕೆಟ್ ಕೈಯಲ್ಲೇ ಇತ್ತು, ಕಣ್ಣು ಗೇಟಿನಾಚೆಯ ಮೋರಿಯ ಮೇಲಿತ್ತು. ಹೆಂಡತಿ ಸುಮ್ಮನಾದರೆ ಏನೋ ಕಾದಿದೆ ಎಂದು ಹನುಮಂತರಾಯಪ್ಪನವರಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಭಾಗ್ಯಮ್ಮ: ಆಯ್ತು. ಒನ್ನಾರು ಊಡಿ. ಆದ್ರೆ ಗೇಟಿಂದ ನೆಟ್ಟಗೆ ಮೋರಿಗೆ ಓಗ್ಬೇಕು ಸಾಲು.

ಹನುಮಂತರಾಯಪ್ಪ: ಥೂ! ಒನ್ನಾರು ಈಶಾನ್ಯಕ್ಕೆ ಮುಖ ಮಾಡಿ ಒಡೀಬೇಕು. ಮೋರಿ ನೈರುತ್ಯಕ್ಕೈತೆ.

ಭಾಗ್ಯಮ್ಮ: ಅಂಗಾದ್ರೆ ಮೋರಿಯಿಂದ ಸುರು ಮಾಡಿ ಗೇಟಿಗೆ ಬನ್ನಿ. ನಿಮ್ ಮುಖ ಈಶಾನ್ಯಕ್ಕಿರ್ಲಿ, ನೀರಿನ ಮುಖ ಮೋರಿಗಿರ್ಲಿ.

ಬೆಳಿಗ್ಗೆ ಪುರೋಹಿತರು ಬಂದರು. ಊರಿನ ನಾಲ್ವರು ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಮುನಿರಾಜು ತನ್ನ ಟ್ಯಾಂಕರಿಗೆ ಒರಗಿ, ಏನಾದರೂ ತಪ್ಪಾಗುತ್ತದೆಯೇ ಎಂದು ಕಾಯುತ್ತ ನಿಂತ. ಡಿಶ್ ಬಿಚ್ಚಿದ ನೇಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ನೀಲಪ್ಪನ ಹೆಗಲಿಗೆ ನೊಗ ಕೊಟ್ಟು, ಹನುಮಂತರಾಯಪ್ಪನವರು ಮೇಳಿಯ ಹಿಡಿಕೆ ಹಿಡಿದು ಒತ್ತಿದರು. ನೇಗಿಲು ಅಲ್ಲಾಡಲಿಲ್ಲ.

ನೀಲಪ್ಪ: ಒಬ್ನ ಕೈಲೆ ಆಗಂಗಿಲ್ರಿ. ನೊಗ ಒಂದ ಕಡಿ ವಾಲ್ತೈತಿ. ಜೋಡಿ ಬೇಕು.

ಹನುಮಂತರಾಯಪ್ಪನವರು ಹೆಂಡತಿಯ ಕಡೆ ನೋಡಿದರು.

ಭಾಗ್ಯಮ್ಮ: ನನ್ನೇನ್ ನೋಡ್ತೀರಿ? ಎಸರು ನಿಮ್ದು, ಎಗಲೂ ನಿಮ್ದೇ. ಮೇಳಿ ಇತ್ತ ಕೊಡಿ.

ಹಿರಿಯರು ಪುರೋಹಿತರ ಮುಖ ನೋಡಿದರು. ಪುರೋಹಿತರಿಗೆ ಇನ್ನೆರಡು ಮನೆಯ ಗೃಹಪ್ರವೇಶವಿತ್ತು, "ದಂಪತಿ ಸಮೇತ ಮಾಡಿದರೆ ವಿಶೇಷ" ಎಂದುಬಿಟ್ಟರು. ಹೀಗೆ ಹೊನ್ನಾರಿನ ಯಜಮಾನರು ನೊಗಕ್ಕೆ ಹೆಗಲು ಕೊಟ್ಟರು, ಭಾಗ್ಯಮ್ಮ ಸೆರಗು ಸಿಕ್ಕಿಸಿ ಹಿಂದೆ ನಿಂತರು.

ಭಾಗ್ಯಮ್ಮ: ಊಂ, ಎಳೀರಿ! ಬಲಕ್ಕೆ! ಬಲಕ್ಕೆ ಅಂದ್ರೆ ಯಾಕ್ರೀ ಎಡಕ್ಕೋಗ್ತೀರಿ? ನೀಲಪ್ಪನೇ ವಾಸಿ, ಏಳಿದ್ದು ಕೇಳ್ತಾನೆ.

ಅಷ್ಟರಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗನೊಬ್ಬ ಸ್ಕೂಟರ್ ನಿಲ್ಲಿಸಿದ.

ಹುಡುಗ: ಅಂಕಲ್, ಏನ್ ವರ್ಕ್ ನಡೀತಿದೆ?

ಹನುಮಂತರಾಯಪ್ಪ: ನಿನ್ನೆ ಮಳೆ ಆಯ್ತಲ್ಲಪ್ಪ. ಉಳ್ತಾ ಇದೀವಿ.

ಹುಡುಗ: ಓಕೆ ಅಂಕಲ್. ರೋಡ್ ಯಾವಾಗ ಓಪನ್ ಆಗುತ್ತೆ?

ಮೇಲಿನ ಜಲ್ಲಿ, ಪ್ಲಾಸ್ಟಿಕ್ಕು ಸರಿದು ಒಂದು ಗೇಣು ಕೆಳಗೆ ಕೆಂಪು ಮಣ್ಣು ಬಂತು. ಒದ್ದೆ ಮಣ್ಣು. ಗೇಟು ಮುಟ್ಟಿದ ಮೇಲೆ ನೊಗ ಇಳಿಸಿ, ಹನುಮಂತರಾಯಪ್ಪನವರು ಆ ಮಣ್ಣನ್ನು ಕೈಯಲ್ಲಿ ತೆಗೆದುಕೊಂಡು ಹಿಂಡಿ ನೋಡಿದರು. ಅಪ್ಪ ಹಾಗೆ ನೋಡುತ್ತಿದ್ದರು. ಅವರಿಗೆ ಅಳು ಬಂತು, ಮುನಿರಾಜುವಿನ ಮುಂದೆ ಅಳಬಾರದೆಂದು ಜೋರಾಗಿ ಕೆಮ್ಮಿದರು. ಭಾಗ್ಯಮ್ಮ ಅದನ್ನು ನೋಡಿ, ಚೆಂಬಿನಲ್ಲಿ ನೀರು ತಂದುಕೊಟ್ಟರು. ಎಲ್ಲರೂ ಹೋದ ಮೇಲೆ ನೀಲಪ್ಪನ ಕೈಗೆ ಗುದ್ದಲಿ ಕೊಟ್ಟು, ನೀರು ಸಲೀಸಾಗಿ ಹರಿಯುವಂತೆ ಸಾಲನ್ನು ಮೊಣಕಾಲುದ್ದ ಆಳ ಮಾಡಿಸಿದರು. ನೀಲಪ್ಪ ಕೆಲಸಕ್ಕೆ ಹೋದ. ಇವರಿಬ್ಬರೂ ನೆನೆದು ಹಾಳಾದ ಗ್ಯಾಸ್ ಒಲೆಗೆ ಬದಲಿ ತರಲು ಮಾರತ್ತಹಳ್ಳಿಗೆ ಹೋದರು. ಟ್ರಾಫಿಕ್ಕಿನಲ್ಲಿ ಹೋಗಿ ಬರುವಷ್ಟರಲ್ಲಿ ಸಂಜೆಯಾಯಿತು.

ಗೇಟಿನ ಮುಂದೆ ಸಾಲೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಸ ಮಣ್ಣಿನ ದಿಬ್ಬ ಎದ್ದಿತ್ತು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವನೊಬ್ಬ ಅದನ್ನು ಬೂಟುಗಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದ.

ಭಾಗ್ಯಮ್ಮ: ಏಯ್! ಯಾರಪ್ಪ ನೀನು? ಯಾರನ್ನ ಕೇಳಿ ಮುಚ್ಚಿದೆ?

ಜಾಕೆಟ್ಟಿನವನು: ಇಂಟರ್ನೆಟ್ ಕೇಬಲ್ ಮೇಡಂ. ನಮ್ ಜನ ಅಗೆಯಕ್ಕೆ ಅಂತ ಬಂದ್ರೆ ಯಾರೋ ಪುಣ್ಯಾತ್ಮರು ಆಗಲೇ ಅಗೆದಿಟ್ಟಿದ್ರು. ಮಲಗಿಸಿ ಮುಚ್ಬಿಟ್ವಿ. ಒಂದ್ ದಿನದ ಕೆಲಸ ಉಳೀತು.

ಭಾಗ್ಯಮ್ಮ ತಲೆಯ ಮೇಲೆ ಕೈಹೊತ್ತರು. ಆಕಾಶದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಹನುಮಂತರಾಯಪ್ಪನವರು ಆ ದಿಬ್ಬವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

ಹನುಮಂತರಾಯಪ್ಪ: ಓಗ್ಲಿ ಬಿಡೇ. ಉತ್ತ ದಿನವೇ ಬಿತ್ತನೇನೂ ಆಯ್ತು. ನಮ್ಮಪ್ಪನ ಕಾಲದಲ್ಲೂ ಇಂಗಾಗಿರ್ಲಿಲ್ಲ.

ಭಾಗ್ಯಮ್ಮ: ಆಯ್ತಪ್ಪ ಆಯ್ತು. ಇನ್ನೊಂದ್ ತಿಂಗಳಿಗೆ ಬೇರೆ ಕಂಪ್ನಿಯೋರು ಬಂದು ಇದನ್ನ ಅಗೀತಾರಲ್ಲ, ಅವತ್ತೇ ಕಟಾವು. ಕುಡುಗೋಲು ಮಸೆದಿಟ್ಕೊಳ್ಳಿ.