ಉದುರದ ಭತ್ತ

ಯಾವುದರ ಬೆಲೆಯೂ ಅದು ಕೆಟ್ಟು ನಿಂತಾಗಲೇ ತಿಳಿಯುವುದು. ನಮ್ಮ ಮನೆಯ ಮಿಕ್ಸಿ ಚಟ್ನಿಗಷ್ಟೇ ಅಲ್ಲ, ಅರ್ಧ ಅಡುಗೆಗೇ ಬೇಕಾಗಿತ್ತೆಂದು ನನಗೆ ಗೊತ್ತಾದದ್ದು ಅದು ಕೆಟ್ಟ ದಿನ. ಇದನ್ನೇ ಗಿಡಗಳ ಮೇಲೆ ಮಾಡಿದರೆ ಪಿಎಚ್.ಡಿ. ಕೊಡುತ್ತಾರೆ. ಭತ್ತದ ಒಂದು ಜೀನಿನ ನಡುವೆ ಬೇರೆ ಡಿಎನ್‌ಎ ತುಣುಕೊಂದನ್ನು ತೂರಿಸಿ ಅದನ್ನು ಕೆಡಿಸುವುದು. ಆಮೇಲೆ ಗಿಡಕ್ಕೆ ಏನು ಊನವಾಯಿತೆಂದು ನೋಡುವುದು. ಗಿಡ ಕುಳ್ಳಾದರೆ ಆ ಜೀನಿನದು ಎತ್ತರದ ಕೆಲಸ. ಬಿಳುಚಿಕೊಂಡರೆ ಹಸಿರಿನ ಕೆಲಸ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸು ಹತ್ತಿ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದದ್ದು ಇದಕ್ಕೇ.

ನನ್ನ ಕರ್ಮಕ್ಕೆ, ನನ್ನ ಪಾಲಿಗೆ ಬಂದ ಜೀನನ್ನು ಕೆಡಿಸಿದರೂ ಗಿಡಕ್ಕೆ ಏನೂ ಆಗಲಿಲ್ಲ. ಕೆಡಿಸಿದ ಗಿಡವೂ ಸರಿಯಿದ್ದ ಗಿಡವೂ ಅವಳಿ ಮಕ್ಕಳ ಹಾಗೆ ನಿಂತಿದ್ದವು. ಸ್ಕೇಲು ಹಿಡಿದು ಎತ್ತರ ಅಳೆದೆ, ಎಲೆಯ ಅಗಲ ಅಳೆದೆ, ತೆನೆಯ ಉದ್ದ ಅಳೆದೆ. ತೆನೆಗಳಿಗೆ ಕಾಗದದ ಚೀಲ ತೊಡಿಸಿ, ಮಾಗಿದ ಮೇಲೆ ಕತ್ತರಿಯಿಂದ ಒಂದೊಂದೇ ಕಾಳು ಬಿಡಿಸಿ ಕವರಿಗೆ ಹಾಕುತ್ತಿದ್ದೆ. ಆ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಗೈಡು ಮಾತ್ರ, "ಈ ಬೆಳೆಯಲ್ಲೂ ವ್ಯತ್ಯಾಸ ಸಿಗದಿದ್ರೆ ವಿಷಯ ಬದಲಾಯಿಸು ಮಾರಾಯ" ಅಂದರು. ಬದಲಾಯಿಸಿದರೆ ಮೂರು ವರ್ಷದ ಕೆಲಸ ನೀರಿಗೆ. ನನಗೆ ಊಟ ಸೇರದಾಯಿತು.

ಆಗ ಕುಂಸಿಯಿಂದ ನಮ್ಮ ಅತ್ತೆ, ಎಂದರೆ ಹೆಂಡತಿಯ ತಾಯಿ, ಬಂದರು. ಗದ್ದೆಯಲ್ಲೇ ಆಯುಸ್ಸು ಕಳೆದವರು. "ಅಳಿಯಂದ್ರು ಭತ್ತ ಬೆಳೀತಾರಂತೆ, ನೋಡ್ಬೇಕು" ಎಂದು ಹಟ ಹಿಡಿದರು. ಕರೆದುಕೊಂಡು ಹೋದೆ. ಸುತ್ತ ಬಲೆ ಕಟ್ಟಿದ ನೆಟ್ ಹೌಸಿನಲ್ಲಿ ಸಾಲಾಗಿಟ್ಟ ಕುಂಡಗಳನ್ನು ನೋಡಿ, "ಎಲ್ಲಾ ಸೇರಿದ್ರೂ ಒಂದು ಹೊತ್ತಿನ ಅನ್ನ ಆಗಲ್ವಲ್ಲ" ಎಂದು ಮರುಗಿದರು. ನಾನು ನೋಡುನೋಡುತ್ತಿದ್ದಂತೆ ಒಂದು ಚೀಲ ಕಳಚಿ, ಮಾಗಿದ ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಸರ್ರನೆ ಎಳೆದೇಬಿಟ್ಟರು. ಕಾಳೆಲ್ಲ ಅವರ ಅಂಗೈಗೆ ಬಂತು. "ಅತ್ತೆ, ಮುಟ್ಟಬೇಡಿ" ಎನ್ನುವಷ್ಟರಲ್ಲಿ ಪಕ್ಕದ ಕುಂಡದ ತೆನೆಯೂ ಅವರ ಮುಷ್ಟಿಯಲ್ಲಿತ್ತು. ಎಳೆದರು. ಒಂದು ಕಾಳೂ ಬರಲಿಲ್ಲ.

"ಇದು ಬೇರೆ ಜಾತಿ ಅಲ್ವಾ?" ಎಂದರು ಅತ್ತೆ. "ಚೆನ್ನಾಗಿ ಬಲಿತಿದೆ, ಆದ್ರೂ ಕಾಳು ಬಿಡ್ತಿಲ್ಲ. ಇದನ್ನ ಬಡಿಯೋರ ರಟ್ಟೆ ಬಿದ್ದೋಗುತ್ತೆ."

ಅದು ನಾನು ಜೀನು ಕೆಡಿಸಿದ್ದ ಗಿಡ. ಮಾಗಿದ ಕಾಳನ್ನು ತೊಟ್ಟಿನಿಂದ ಸಡಿಲಿಸುವುದೇ ಆ ಜೀನಿನ ಕೆಲಸ. ಅದರ ಕೆಲಸವನ್ನು ನಾನೇ ಕತ್ತರಿ ಹಿಡಿದು ಮಾಡಿಕೊಡುತ್ತಿದ್ದರೆ ವ್ಯತ್ಯಾಸ ಎಲ್ಲಿಂದ ಕಾಣಬೇಕು? ಉಳಿದ ಕುಂಡಗಳ ತೆನೆಗಳನ್ನೂ ಅತ್ತೆಯ ಹಾಗೆಯೇ ಎಳೆದು ನೋಡಿದೆ. ಪ್ರತಿ ಸಲವೂ ಅದೇ: ಸರಿಯಿದ್ದ ಗಿಡ ಕಾಳು ಬಿಟ್ಟಿತು, ಕೆಡಿಸಿದ್ದು ಬಿಡಲಿಲ್ಲ. ಸಂತೋಷ ತಡೆಯಲಾರದೆ ಅಲ್ಲೇ ಅವರ ಕಾಲು ಮುಟ್ಟಿದೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ.

ಪ್ರಬಂಧದಲ್ಲಿ ಆ ವಿಧಾನಕ್ಕೆ ಉದ್ದನೆಯದೊಂದು ಇಂಗ್ಲಿಷ್ ಹೆಸರಿಟ್ಟೆ. ವೈವಾ ದಿನ ಹೆಂಡತಿಯೂ ಅತ್ತೆಯೂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು, ಇಷ್ಟು ಸರಳವಾದ ಪರೀಕ್ಷೆ ಯಾರಿಗೆ ಹೊಳೆಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಟೈ ಸರಿಮಾಡಿಕೊಂಡು, ನನಗೇ ಸಾರ್ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದಕ್ಷರ ಇಂಗ್ಲಿಷ್ ಬಾರದ ಅತ್ತೆ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಹೆಂಡತಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಅವಳು ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು.